ಅರ ಹಾಕಿದ ಇಂಜಿನ್ನು

ಮಾರುವ ಯಾವ ಸಾಮಾನಿಗೂ ಚಂದ್ರಯ್ಯನ ಬಳಿ ರಸೀದಿ ಇರಲಿಲ್ಲ. ಆದ್ದರಿಂದ ಅವನ ಅಂಗಡಿಯ ಯಾವ ಸಾಮಾನಿನ ಮೇಲೂ ನಂಬರು ಇರಲಿಲ್ಲ.

ಹಾಸನದ ಸಂತೆಪೇಟೆಯ ಹಿಂದೆ ತಗಡು ಹೊದಿಸಿದ ಕೊಟ್ಟಿಗೆಯೇ ಆ ಅಂಗಡಿ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಮೋಟಾರ್‌ಸೈಕಲ್ಲಿನ ಹೊಸ ಸಾಮಾನು ವಿಲಾಯತಿಯಿಂದ ಬರುವುದು ನಿಂತು, ಹಳೆಯದಕ್ಕೆ ಬೆಲೆ ಬಂದಿತ್ತು. ಮಿಲಿಟರಿಯಿಂದ ಜಾರಿದ್ದು, ಸತ್ತವರ ಮನೆಯವರು ಮಾರಿದ್ದು, ಕದ್ದದ್ದು, ಎಲ್ಲ ಒಂದೇ ಗೋಣಿಯಲ್ಲಿ ಬರುತ್ತಿತ್ತು. ಚಂದ್ರಯ್ಯ ಗೋಣಿ ಬಿಚ್ಚಿದವನೇ ಮೊದಲು ಅರ ಹಿಡಿಯುತ್ತಿದ್ದ. ಅಂಕಿ ಇದ್ದ ಕಡೆಯೆಲ್ಲ ಉಜ್ಜಿ ನುಣ್ಣಗೆ ಮಾಡುತ್ತಿದ್ದ. ಅದು ಯಾವ ಗಾಡಿಯದೆಂದು ನೋಡುವುದು ಆಮೇಲೆ. ಅದಕ್ಕೆ ಅವನಿಗೆ ನಂಬರು ಬೇಕಿರಲಿಲ್ಲ. ನಾರ್ಟನ್, ಬಿ.ಎಸ್.ಎ., ಟ್ರಯಂಫ್ ಒಂದೊಂದರ ತೂತಿನ ಅಳತೆಗೂ ಕೆತ್ತಿದ ಬಿದಿರು ಕಡ್ಡಿಗಳ ಕಟ್ಟು ಗೋಡೆಯಲ್ಲಿ ನೇತಾಡುತ್ತಿತ್ತು. ಕಡ್ಡಿ ಅಲ್ಲಾಡದೆ ಕೂತರೆ ಆ ಗಾಡಿಯದು. ಅವನು ಒಮ್ಮೆ ಹೇಳಿದರೆ ಅರಕಲಗೂಡು, ಹೊಳೆನರಸೀಪುರದ ಮೇಸ್ತ್ರಿಗಳು ಮರುಮಾತಿಲ್ಲದೆ ಕೊಳ್ಳುತ್ತಿದ್ದರು.

ಅವನ ಮನೆಯಲ್ಲಿ ಉಳಿದಿದ್ದ ಒಂದೇ ನಂಬರು ತಂಗಿ ದಾಕ್ಷಾಯಣಮ್ಮನ ಬಾಯಲ್ಲಿತ್ತು. ಅವಳ ಗಂಡ ರುದ್ರಯ್ಯ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯೊಂದರ ಏಜೆಂಟು. ಯುದ್ಧ ಮುಗಿಯುವ ಹಿಂದಿನ ವರ್ಷ ಅರಕಲಗೂಡಿನಲ್ಲಿ ಬಿ.ಎಸ್.ಎ. ಹತ್ತಿದವನು ಹೊಳೆನರಸೀಪುರ ಮುಟ್ಟಲಿಲ್ಲ. ಹೆಣವೂ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ. ನಾಟಕದ ಕಂಪನಿಯ ಹೆಂಗಸಿನ ಹಿಂದೆ ಹೋದನೆಂದು ಜನ ಆಡಿಕೊಂಡರು. ಅತ್ತೆ ಗುರುಸಿದ್ದಮ್ಮ, ಗಂಡನನ್ನು ಹಿಡಿದಿಟ್ಟುಕೊಳ್ಳಲಾರದವಳಿಗೆ ಮನೆ ಯಾಕೆ ಎಂದು ಸೊಸೆಯನ್ನು ತವರಿಗೆ ಅಟ್ಟಿದಳು. ಠಾಣೆಯ ದಫೇದಾರ ಮಾತ್ರ ಒಂದು ದಾರಿ ಹೇಳಿದ್ದ: "ಗಾಡಿ ಸಿಗ್ಲಿ, ಇಂಜಿನ್ ನಂಬರು ತಾಳೆಯಾಗ್ಲಿ. ಕೊಲೆ ಅಂತ ಬರ್ಕೊತೀನಿ. ಅಲ್ಲೀಗಂಟ ಓಡೋದ ಅಂತ್ಲೇ ಲೆಕ್ಕ." ಅಂದಿನಿಂದ ಅವಳು ಗಂಡನ ಗಾಡಿಯ ಇಂಜಿನ್ನಿನ ಐದು ಅಂಕಿಗಳನ್ನು ರಾಗಿ ಬೀಸುವಾಗಲೂ ಗುನುಗುತ್ತಿದ್ದಳು.

ಮೊದಮೊದಲು ಚಂದ್ರಯ್ಯ ಪ್ರತಿ ಇಂಜಿನ್ನಿನ ನಂಬರನ್ನೂ ಓದಿ, ತಂಗಿಯ ಅಂಕಿಗಳಿಗೆ ತಾಳೆ ನೋಡಿಯೇ ಉಜ್ಜುತ್ತಿದ್ದ. ಬರಬರುತ್ತ ಕೈ ತಾನಾಗಿ ನಡೆಯತೊಡಗಿತು.

ಯುದ್ಧ ಮುಗಿದ ವರ್ಷ, ದೀಪಾವಳಿ ಕಳೆದ ಮೇಲೆ, ಅರಕಲಗೂಡಿನ ಕಡೆಯ ಇದ್ದಲು ವ್ಯಾಪಾರಿ ಚನ್ನಪ್ಪ ಗೋಣಿ ತಂದು ಇಳಿಸಿದ. ಗೋಣಿ ತಂದವರು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಅವನು ಬಾಗಿಲ ಕಲ್ಲಿನ ಮೇಲೆ ಕೂತೇಬಿಟ್ಟ.

"ಏನ್ ಚನ್ನಪ್ಪ, ಇದ್ದಲು ಬುಟ್ಟು ಕಬ್ಣಕ್ಕಿಳಿದ್ಬುಟ್ಟೆ?" ಎಂದ ಚಂದ್ರಯ್ಯ.

"ಇದ್ದಲು ಮಾರಿ ಮಾರಿ ಮೊಖ ಕಪ್ಪಾಯ್ತು ಕಣಣ್ಣ. ಎಣ್ಣು ಕೊಡೋರು ಇಂದೇಟಾಕ್ತಾರೆ."

"ನಿನ್ ಮೊಖ ಇದ್ದಲಿಗೂ ಮುಂಚೆ ಅಂಗೇ ಇತ್ತಲ್ಲ."

ಚನ್ನಪ್ಪ ನಕ್ಕ. "ಮಾತಾಡ್ತಾ ಕೈ ನಿಲ್ಲಿಸ್ಬ್ಯಾಡ. ಆ ದೊಡ್ದಕ್ಕೆ ಮೊದ್ಲು ಅರ ಹಾಕು. ಸಂತೇಲಿ ಪೋಲೀಸ್ನೋರು ತಿರುಗ್ತಾವ್ರೆ."

ದೊಡ್ಡದೆಂದರೆ ಇಂಜಿನ್ನಿನ ನಂಬರು ಕೊರೆದಿರುವ ಕೆಳಗೂಡು. ಗ್ರೀಸು, ಮಣ್ಣು ಮೆತ್ತಿ ಕರಿಬಂಡೆಯಾಗಿತ್ತು. ಚಂದ್ರಯ್ಯ ಬೆರಳಾಡಿಸಿದ. ಅಂಕಿಗಳ ತಗ್ಗು ತಾಗಿತು. ಅವನಿಗೆ ಅಷ್ಟು ಸಾಕಾಗಿತ್ತು.

ಅರ ಆಡುತ್ತಿದ್ದಾಗಲೇ ದಾಕ್ಷಾಯಣಮ್ಮ ಮುದ್ದೆ, ಉಪ್ಪೆಸರು ತಂದಳು.

"ತಂಗ್ಯವ್ವನಾ?" ಎಂದ ಚನ್ನಪ್ಪ. "ಯಜಮಾನ್ರು ಎಲ್ಲವ್ರೆ?"

"ಊರಲ್ಲಿಲ್ಲ."

"ಮಿಲಿಟ್ರೀಗೋದ್ರಾ? ಬತ್ತಾರೆ ಬುಡವ್ವ. ಯುದ್ಧ ಮುಗೀತಲ್ಲ."

ಅವಳು ಅಣ್ಣ ಕೈತೊಳೆಯಲೆಂದು ಚೊಂಬು ಹಿಡಿದು ಅರ ನಿಲ್ಲುವವರೆಗೆ ನಿಂತಿದ್ದಳು. ಚನ್ನಪ್ಪ ತನ್ನ ಟವಲಿನ ತುದಿಯಿಂದ ಉಜ್ಜಿದ ಜಾಗವನ್ನು ಒರೆಸಿ, ಬಗ್ಗಿ ನೋಡಿದ. ಕೊಟ್ಟಷ್ಟನ್ನು ಚೌಕಾಸಿ ಮಾಡದೆ ಜೇಬಿಗಿಳಿಸಿ ಹೋದ.

ಊಟವಾದ ಮೇಲೆ ಚಂದ್ರಯ್ಯ ವಿಂಗಡಿಸಲು ಕೂತ. ಕಡ್ಡಿ ಹಾಕಿ ನೋಡಿದ. ಬಿ.ಎಸ್.ಎ. ಗಾಡಿಯದೇ. ಗೋಣಿಯ ತಳದಲ್ಲಿ ಗಾಡಿಯನ್ನು ಒದ್ದು ಚಾಲೂ ಮಾಡುವ ಕಿಕ್ ರಾಡು ಇತ್ತು. ಅದರ ತುದಿಗೆ ಹಿತ್ತಾಳೆ ಬೆಸುಗೆಯಲ್ಲಿ ಎತ್ತಿನ ಲಾಳವೊಂದು ಅಂಟಿಕೊಂಡಿತ್ತು.

ರುದ್ರಯ್ಯನ ಬಲಗಾಲು ತುಸು ಮೋಟು. ಒದೆಯುವಾಗ ಪಾದ ಜಾರದಿರಲೆಂದು ಆ ಲಾಳವನ್ನು ಬೆಸೆದವನು ಚಂದ್ರಯ್ಯನೇ.

ಅವನು ಕೆಳಗೂಡನ್ನು ಎತ್ತಿ ಬಿಸಿಲಿಗೆ ತಂದ. ಸೀಮೆಎಣ್ಣೆ ಹಾಕಿ ತಿಕ್ಕಿದ. ಓರೆ ಮಾಡಿ ನೋಡಿದ. ಅರ ಹಾಕಿದ ಜಾಗ ಕನ್ನಡಿಯ ಹಾಗಿತ್ತು.

ತಂಗಿಯನ್ನು ಕರೆದ. ಅವಳು ಲಾಳ ನೋಡಿದಳು, ಕೆಳಗೂಡನ್ನು ನೋಡಿದಳು, ಆ ನುಣುಪಿನ ಮೇಲೆ ಬೆರಳಿಟ್ಟಳು.

"ನಾನು ಊಟ ತಂದಾಗ ಉಜ್ತಿದ್ಯಲ್ಲ, ಅದಾ?"

"ಊಂ."

"ನಾನು ಮುಂದ್ಗಡೇನೇ ನಿಂತಿದ್ದೆ ಕಣಣ್ಣ."

ಮಾರನೆಯ ದಿನ ಚಂದ್ರಯ್ಯ ಕೆಳಗೂಡು, ಲಾಳದ ರಾಡು ಎರಡನ್ನೂ ಹೊತ್ತು ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ದಫೇದಾರ ಚನ್ನಪ್ಪನನ್ನು ಕರೆಸಿ ಕೇಳಿದ. ಮತ್ತೆ ಚಂದ್ರಯ್ಯನನ್ನು ಕರೆಸಿದ.

"ಅವ್ನು ನಿಂಗೇನೂ ಮಾರೇ ಇಲ್ಲ ಅಂತಾನೆ. ರಸೀದಿ ಐತಾ?"

"ಇಲ್ಲ, ಸಾ."

"ನಂಬರು ಉಜ್ಜಿದ್ಯಾರು?"

"ನಾನೇ, ಸಾ."

ದಫೇದಾರ ಲಾಳದ ರಾಡನ್ನು ಮೇಜಿನ ಮೇಲೆ ತಿರುಗಿಸಿದ. "ಲಾಳ ಬೆಸೆದಿದ್ದು ನೀನು. ನಂಬರ್ ಉಜ್ಜಿದ್ದು ನೀನು. ಮಾಲು ಇದ್ದಿದ್ದು ನಿನ್ನ ಅಂಗ್ಡೀಲಿ. ಕೊಲೆ ಅಂತ ಬರ್ಕೊಂಡ್ರೆ ಯಾರ ಎಸ್ರು ಬರೀಲಿ, ನೀನೇ ಯೋಳು."

ದಫೇದಾರ ರಾಡನ್ನು ನೆಲಕ್ಕೆ ಹಾಕಿ, ಎರಡನ್ನೂ ಕಾಲಿನಿಂದ ಚಂದ್ರಯ್ಯನ ಕಡೆ ತಳ್ಳಿದ. "ತಗಂಡೋಗು. ತಂಗೀನ ಚೆನ್ನಾಗಿ ನೋಡ್ಕೊ."

ಚಂದ್ರಯ್ಯ ಅವನ್ನು ಹೊತ್ತು ವಾಪಸು ಬಂದ.

ದಾಕ್ಷಾಯಣಮ್ಮ ಹಿತ್ತಲ ಕಲ್ಲಿಗೆ ಬಳೆ ಒಡೆದುಕೊಂಡಳು. ಸುದ್ದಿ ಮುಟ್ಟಿದಾಗ ಗುರುಸಿದ್ದಮ್ಮ, ನನ್ನ ಮಗ ಬದುಕಿದ್ದಾನೆ, ಅವಳು ಅನಿಷ್ಟ ಮಾಡಿಕೊಂಡಳು ಎಂದು ಹೇಳಿಕಳಿಸಿದಳು. ಇನ್ನು ದಾಕ್ಷಾಯಣಮ್ಮ ಅತ್ತೆಮನೆಯ ಹೊಸಿಲು ತುಳಿಯುವ ಹಾಗಿರಲಿಲ್ಲ. ಚನ್ನಪ್ಪ ಹಾಸನದ ಸಂತೆಗೆ ಬರುವುದನ್ನು ಬಿಡಲಿಲ್ಲ. ಎದುರಾದರೆ ಚಂದ್ರಯ್ಯನಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ.

ಕೆಳಗೂಡು ಯಾರಿಗೂ ಮಾರಾಟವಾಗದೆ ಕೊಟ್ಟಿಗೆಯ ಮೂಲೆಯಲ್ಲಿ ಉಳಿಯಿತು. ಹೋದದ್ದು ಒಬ್ಬ ಗಂಡಸು, ಒಂದು ಮನೆ, ಐದು ಅಂಕಿ.