ಹಗಲಲ್ಲಿ ಉರಿದ ಮೇಣದಬತ್ತಿಗಳು

ಆ ಸಂತೆಯ ತಗಡಿನ ಚಾವಣಿಯ ಕೆಳಗೆ ನಡುಹಗಲಲ್ಲೂ ಮಬ್ಬು. ಮೇಣದಬತ್ತಿ ಕೊಳ್ಳಲು ಬಂದವರು ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಬತ್ತಿ ಹಚ್ಚಿ, ರೆಪ್ಪೆ ಬಡಿಯದೆ ನೋಡುತ್ತ ನಿಲ್ಲುತ್ತಿದ್ದರು. ಸಾಲಿನುದ್ದಕ್ಕೂ ಬರೀ ಮುಖಗಳು ತೇಲುತ್ತಿದ್ದವು, ಕೆಳಗೆ ಮೈಯೇ ಇಲ್ಲವೇನೋ ಎಂಬಂತೆ.

ಬತ್ತಿ ಮಾಡಿ ಮಾರುವ ಬತ್ತಿಯಕ್ಕನಿಗೆ ಅದನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಹೋದ ವರ್ಷ ಯಾರೋ ಮಾರಿದ ಕೆಟ್ಟ ಬತ್ತಿ ಸಿಡಿದು ಒಬ್ಬ ಬಾಣಂತಿಯ ಕೈ ಸುಟ್ಟಿತ್ತು. ಅಂದಿನಿಂದ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ವಾರವಿಡೀ ಎರೆದದ್ದರಲ್ಲಿ ಅರ್ಧ ಪರೀಕ್ಷೆಗೇ ಕರಗಿ, ಆಕೆ ಮೋಟುಗಳನ್ನು ಹೊತ್ತು ಮನೆಗೆ ಬರುತ್ತಿದ್ದಳು.

"ಸಾಕು, ಅಚ್ಚುಗಳನ್ನ ಮಾರ್ಬಿಡೋಣ," ಅಂದ ಗಂಡ.

"ಸ್ವಲ್ಪ ತಡೀರಿ," ಎಂದರು ಪಕ್ಕದ ಮನೆಯವರು. ಅವರು ಮಾರಾಟಗಾರರ ಸಂಘದ ಕಾರ್ಯದರ್ಶಿ. "ಬತ್ತಿಯ ಬೆಲೆ ಒಂದು, ಅದನ್ನ ನಂಬೋಕೆ ತಗಲೋ ಖರ್ಚು ಇನ್ನೊಂದು. ಆ ಎರಡನೇದೇ ನಿಮ್ಮ ವ್ಯಾಪಾರಾನ ನುಂಗ್ತಿರೋದು. ನೂರು ಜನ ನೂರು ಸಲ ನೋಡೋ ಬದಲು, ಎಲ್ಲರೆದುರು ಒಂದೇ ಸಲ ಪರೀಕ್ಷೆ ಮಾಡೋಣ. ಪಾಸಾದ ಪೆಟ್ಟಿಗೆಗೆ ಸಂಘದ ಮುದ್ರೆ."

"ಮುದ್ರೆ ಒತ್ತೋರು ನಮ್ಮೋರೇ. ನಮ್ಮೋರ ಮಾಲನ್ನ ಬೇಡ ಅಂತಾರಾ?" ಗಂಡ ನಕ್ಕ.

ಮುಂದಿನ ಸಂತೆಯಲ್ಲಿ ಎಲ್ಲರೆದುರು ನಡೆದ ಸಂಘದ ಪರೀಕ್ಷೆಯಲ್ಲಿ ಮೊದಲು ಹಚ್ಚಿದ್ದು ಬತ್ತಿಯಕ್ಕನ ಪೆಟ್ಟಿಗೆಯ ಬತ್ತಿ. ಜ್ವಾಲೆ ಕುಗ್ಗಿ ನೀಲಿಯಾಯಿತು. ಮೇಣದೊಳಗಿಂದ ಯಾರೋ ಪಿಸುಗುಟ್ಟಿದಂಥ ಸದ್ದು. ಚಟ್ಟನೆ ಸಿಡಿಯಿತು.

"ನಾನೇನೂ ಕಲಬೆರಕೆ ಮಾಡಿಲ್ಲ!" ಬತ್ತಿಯಕ್ಕ ಬಿಳಿಚಿಕೊಂಡಳು.

ಕಾರ್ಯದರ್ಶಿ ಬತ್ತಿ ಸೀಳಿ ತೋರಿಸಿದರು. ಬತ್ತಿಗೆಂದು ಹೊಸದಾಗಿ ಕೊಂಡಿದ್ದ ದಾರ ಒಳಗೆ ಒದ್ದೆಯಾಗಿತ್ತು.

"ಉಳಿದವು ಚೆನ್ನಾಗಿರ್ಬಹುದು, ಒತ್ತಿಬಿಡಿ," ಗಂಡ ಗೋಗರೆದ.

ಕಾರ್ಯದರ್ಶಿ ಆಗದೆಂದು ತಲೆಯಾಡಿಸಿದರು. ಬತ್ತಿಯಕ್ಕ ತಾನೇ ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡಳು. "ಬೇಡ ರೀ. ಇನ್ನೊಬ್ಬರ ಕೈ ಸುಡೋದು ಬೇಡ."

ಅಷ್ಟೂ ಕಣ್ಣುಗಳು ಆಕೆಯ ಮೇಲೇ ನೆಟ್ಟಿದ್ದವು.

ವಾರದ ನಂತರ ದಾರ ಒಣಗಿಸಿ ಎರೆದ ಬತ್ತಿಗಳು ಪಾಸಾದವು. ಒಬ್ಬ ಅಜ್ಜಿ ಬಂದು ಪೆಟ್ಟಿಗೆಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡರು.

"ಹಚ್ಚಿ ನೋಡಲ್ವಾ ಅಜ್ಜಿ?" ಗಂಡನೇ ಕೇಳಿದ.

"ಹೋದ ವಾರ ನಿಮ್ಮದನ್ನೇ ಬೇಡ ಅಂದೋರು ಒತ್ತಿದ ಮುದ್ರೆ ಕಣಪ್ಪ. ಇನ್ನೇನು ನೋಡ್ಲಿ? ಇನ್ನೊಂದು ಕೊಡು."

ಅಕ್ಕಂದಿರೇ, ಅಣ್ಣಂದಿರೇ, ನೀವು ಮಾರುವುದು ಜೇನಿರಲಿ, ಬೀಜವಿರಲಿ, ಕೊಳ್ಳುವವರ ಅನುಮಾನಕ್ಕೂ ಒಂದು ಬೆಲೆಯಿದೆ. ಅದನ್ನು ತೆರುವವರು ಅವರೂ ಹೌದು, ನೀವೂ ಹೌದು. ಎಲ್ಲರೆದುರು ಪರೀಕ್ಷಿಸುವ ಒಂದು ಜಾಗ ಮಾಡಿಕೊಳ್ಳಿ. ನಿಮ್ಮ ಮಾಲನ್ನೂ "ಬೇಡ" ಎನ್ನಬಲ್ಲವರನ್ನೇ ಅಲ್ಲಿ ಕೂರಿಸಿ.