ನಾಲ್ಕು ದಿನದ ಸಹಿ

"ಸಹಿ ಹಾಕ್ಬಿಡಿ ಅತ್ತೆ, ಸಾಕು," ಎಂದಳು ಅಣ್ಣನ ಮಗಳು. ಕಾಡಿನ ಬಟ್ಟೆ ಕಳಚಿ ಚೀಲಕ್ಕೆ ತುರುಕಿ, ಸಭೆಗೆಂದು ತಂದಿದ್ದ ಇಸ್ತ್ರಿಯ ಅಂಗಿ ತೊಟ್ಟು ಆಗಲೇ ಗುಂಡಿ ಹಾಕಿಕೊಳ್ಳುತ್ತಿದ್ದಳು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ತಪಾಸಣೆ ಪುಸ್ತಕ ತೆರೆದಿತ್ತು. 'ಜೊತೆಗಾರ್ತಿಯ ಮೈಯನ್ನು ಪೂರ್ತಿ ನೋಡಿದ್ದೇನೆ, ಉಣುಗು ಇಲ್ಲ' ಎಂಬ ಅಚ್ಚಾದ ಸಾಲಿನ ಮುಂದೆ ಅವಳ ಸಹಿ ಬಿದ್ದಾಗಿತ್ತು. ಅತ್ತೆ ಇನ್ನೂ ಬೂಟು ಕೂಡ ಬಿಚ್ಚಿರಲಿಲ್ಲ.

"ನೀನು ನನ್ನನ್ನ ನೋಡ್ಲೇ ಇಲ್ವಲ್ಲೇ?"

"ನಿಮ್ಮನ್ನೇನು ನೋಡೋದು? ಇಪ್ಪತ್ತೊಂದು ವರ್ಷ ಕಾಡು ಸುತ್ತಿದ ಮೈ. ಕಚ್ಚಕ್ಕೆ ಬಂದ್ರೆ ಅದರ ಹಲ್ಲೇ ಮುರಿದುಹೋಗತ್ತೆ."

ಅತ್ತೆಯನ್ನು ಕಚೇರಿಯಲ್ಲಿ ಎಲ್ಲರೂ ಬಟ್ಟೆಯಕ್ಕ ಎನ್ನುತ್ತಿದ್ದರು. ಕಾಡಂಚಿನ ಹುಲ್ಲಿನ ಮೇಲೆ ಬಿಳಿಯ ಬಟ್ಟೆ ಎಳೆಯುವುದು ಅವಳ ಕೆಲಸ. ಒಂದು ಉದ್ದ ಕೋಲಿಗೆ ಕಟ್ಟಿದ ಬಟ್ಟೆ. ಕೋಲಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ಮಗುಚಿ, ಅಂಟಿಕೊಂಡ ಉಣುಗುಗಳನ್ನು ಎಣಿಸಿ, ಚಿಮಟದಲ್ಲಿ ಹಿಡಿದು ಸೀಸೆಗೆ ಹಾಕಬೇಕು. ಯಾವ ಕಾಡಿನ ಉಣುಗಿನಲ್ಲಿ ಕೀಲು, ನರ, ಎದೆಗೆ ಹಿಡಿಯುವ ಲೈಮ್ ಕಾಯಿಲೆಯ ಸೋಂಕು ಎಷ್ಟಿದೆ ಎಂದು ಸರ್ಕಾರಕ್ಕೆ ಗೊತ್ತಾಗುವುದು ಹೀಗೆ. ಗೊತ್ತಾಗಿ ಏನು ಮಾಡಿತು ಎಂದು ಮಾತ್ರ ಕೇಳಬಾರದು. ಬಟ್ಟೆಗೆ ಹತ್ತುವ ಹುಳ ಎಳೆಯುವವರ ಮೈಯನ್ನೇನು ಬಿಡುತ್ತದೆಯೇ? ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಕಚ್ಚಿದರೆ ನೋವಿಲ್ಲ, ತುರಿಕೆಯೂ ಇಲ್ಲ. ಅದಕ್ಕೇ ಕೆಲಸ ಮುಗಿದ ಮೇಲೆ ಜೊತೆಗಾರರು ಒಬ್ಬರ ಮೈಯನ್ನೊಬ್ಬರು ಟಾರ್ಚು ಹಿಡಿದು ನೋಡಬೇಕು: ಕೂದಲ ಬುಡ, ಕಿವಿಯ ಹಿಂದೆ, ಕಂಕುಳು, ಬೆನ್ನು, ಮಂಡಿಯ ಹಿಂಭಾಗ. ಒಂದು ದಿನದೊಳಗೆ ಕಿತ್ತುಹಾಕಿದರೆ ಹೆಚ್ಚಿನ ಭಯವಿಲ್ಲ. 'ಕಣ್ಣು ನನ್ನದು, ಬೆನ್ನು ನಿನ್ನದು' ಎನ್ನುವುದು ಇಲ್ಲಿನವರ ಮಾತು.

ಇವತ್ತು ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು. ಗೋಡೆಯಾಚೆ ಸಭಾಕೋಣೆಯಲ್ಲಿ ಕುರ್ಚಿ ಎಳೆದು ಜೋಡಿಸುತ್ತಿದ್ದರು. ಆ ಕೋಣೆಯಲ್ಲಿ ನಾಲ್ಕು ಫೋಟೋಗಳಿವೆ, ನಾಲ್ವರೂ ಇದೇ ಕಚೇರಿಯವರು, ನಾಲ್ವರನ್ನೂ ತಿಂದದ್ದು ಒಂದೇ ಕಾಯಿಲೆ. ಮೊದಲನೆಯವನು ಕಾವಲುಗಾರ, ಹಕ್ಕಿಯ ಕೂಗನ್ನು ಹಕ್ಕಿಗಿಂತ ಚೆನ್ನಾಗಿ ಕೂಗುತ್ತಿದ್ದವನು, ಕೊನೆಗೆ ಸ್ವಂತ ಮಗನ ಹೆಸರು ನೆನಪಾಗದೆ ಅಳುತ್ತಿದ್ದ. ಎರಡನೆಯವನು ಜೀಪಿನ ಡ್ರೈವರ್. ಜ್ವರ ಬಂದ ಆರನೆಯ ವಾರ ಎದೆ ಬಡಿತ ನಿಂತು ಹೋದ. ಮೂರನೆಯವಳು ಪ್ರಯೋಗಾಲಯದವಳು; ಐದು ವರ್ಷ ಗುದ್ದಾಡಿ ಸೋತಳು. ನಾಲ್ಕನೆಯವಳು ಈ ಹುಡುಗಿಯ ತಾಯಿ, ಬಟ್ಟೆಯಕ್ಕನ ಅತ್ತಿಗೆ. ವರ್ಷಕ್ಕೊಮ್ಮೆ ಅವರನ್ನು ನೆನೆಯುವ ಸಭೆ. ಈ ಸಲ ಅತ್ತಿಗೆಯ ಬಗ್ಗೆ ಬಟ್ಟೆಯಕ್ಕನೇ ಮಾತಾಡಬೇಕೆಂದು ಗೊತ್ತುಮಾಡಿದ್ದರು.  ಈಗ ಆ ಒಣ ಸಹಿಯನ್ನು ಕಂಡವಳೇ ಅವಳು ಟಾರ್ಚು ಕೈಗೆತ್ತಿಕೊಂಡಳು.

"ಅಂಗಿ ಬಿಚ್ಚು, ನೋಡ್ತೀನಿ. ಇವತ್ತು ಬಟ್ಟೆ ಮೇಲೆ ನಲವತ್ತೆಂಟು ಇದ್ವು. ನೀನೇ ಎಣಿಸಿದ್ದು."

"ಈಗ ತಾನೆ ಹಾಕ್ಕೊಂಡಿದ್ದೀನಿ, ಮತ್ತೆ ಬಿಚ್ಚಲ್ಲ. ಹೋದ ವಾರನೂ ನಾವು ಎರಡು ದಿನ ನೋಡ್ಕೊಳ್ಲಿಲ್ಲ. ಏನಾಯ್ತು?"

"ಯಾವ ಎರಡು ದಿನ?"

"ನಿಮಗೆ ಹಲ್ಲುನೋವು ಅಂತ ರಜ ಹಾಕಿದ್ರಲ್ಲ. ಅವತ್ತು ಗುಂಗುರುಕೂದಲಿನವಳ ಜೊತೆ ಹೋಗಿದ್ದೆ. ಅವಳೂ ನಾನೂ ಸುಮ್ನೆ ಸಹಿ ಹಾಕಿದ್ವಿ."

ಬಟ್ಟೆಯಕ್ಕ ಬೈಯಬೇಕೆಂದು ಬಾಯಿ ತೆರೆದಳು, ಯಾವ ಮುಖವಿಟ್ಟುಕೊಂಡು ಬೈಯುವುದು ಎನಿಸಿ ಮುಚ್ಚಿದಳು. ಹುಡುಗಿ ಬೆಂಚಿನ ತುದಿಗೆ ಕೂತು ಚಪ್ಪಲಿ ಹುಡುಕುತ್ತ, ದೊಡ್ಡವರಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದಳು:

"ನೋಡಿ ಅತ್ತೆ, ಈ ಟಾರ್ಚು, ಈ ಪುಸ್ತಕ ಎಲ್ಲ ನಮ್ಮ ಸಮಾಧಾನಕ್ಕೆ ಅಷ್ಟೆ. ಅಮ್ಮನ್ನ ನೀವು ದಿನಾ ನೋಡ್ತಿದ್ರಿ. ನಿಮ್ಮಂಥ ಕಣ್ಣು ಈ ಕಚೇರಿಲಿ ಇನ್ಯಾರಿಗಿದೆ? ಒಂದು ದಿನಾನೂ ತಪ್ಪಿಲ್ಲ. ಆದ್ರೂ ಅಮ್ಮ ಹೋದ್ಳು. ಬರೋದು ಬಂದೇ ಬರತ್ತೆ. ನೋಡಿದ್ರೇನು, ಬಿಟ್ರೇನು?"

ತಾಯಿ ಸತ್ತಾಗ ಹುಡುಗಿಗೆ ಹದಿನಾರು. ಅಪ್ಪನಿದ್ದರೂ ಅಂದಿನಿಂದ ಬಟ್ಟೆಯಕ್ಕನ ಮನೆಯಲ್ಲೇ ಉಂಡು, ಅವಳ ಪಕ್ಕದಲ್ಲೇ ಮಲಗಿ ಬೆಳೆದವಳು. ಮದುವೆ ಮಕ್ಕಳು ಎಂದು ಏನೂ ಇಲ್ಲದ ಬಟ್ಟೆಯಕ್ಕನಿಗೆ ಲೋಕವೆಂದರೆ ಈ ಒಂದು ಜೀವ. ಈ ಕೆಲಸ ಬೇಡವೆಂದು ಎಷ್ಟು ಹೇಳಿದರೂ ಕೇಳದೆ, "ನೀವಿದ್ದೀರಲ್ಲ ನನ್ನ ಬೆನ್ನು ನೋಡಕ್ಕೆ" ಎಂದು ನಗುತ್ತ ಸೇರಿಕೊಂಡಿದ್ದಳು. ಸೇರಿ ಮೂರು ತಿಂಗಳಾಗಿತ್ತು. ಒಂದು ದಿನವೂ ತಪ್ಪಿಲ್ಲವೆಂದು ಹುಡುಗಿ ನಂಬಿಕೊಂಡ ಆ ಸುಳ್ಳೇ ಈಗ ಅವಳ ಬೆನ್ನ ಮೇಲೆ ಹತ್ತಿ ಕೂತಿದೆ ಎಂದು ಬಟ್ಟೆಯಕ್ಕನಿಗೆ ಹೊಳೆಯಿತು. ಅದನ್ನು ತೆಗೆಯುವ ಚಿಮಟ ತನ್ನ ಬಾಯಲ್ಲೇ ಇತ್ತು. ತೆಗೆದರೆ ಹುಡುಗಿ ಉಳಿಯಬಹುದು, ತನಗೆ ಉಳಿಯುವುದಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ಕೋಲಿನ ಇನ್ನೊಂದು ತುದಿ ಅತ್ತಿಗೆಯ ಕೈಯಲ್ಲಿತ್ತು. ಅತ್ತಿಗೆ ನಾದಿನಿ ಒಂದು ಒಲೆಯ ಮುಂದೆ ನಿಲ್ಲುವುದೇ ಕಷ್ಟ, ಇವರು ದಿನವಿಡೀ ಒಂದೇ ಬಟ್ಟೆ ಎಳೆಯುತ್ತಾರಲ್ಲ ಎಂದು ಎಲ್ಲರೂ ಛೇಡಿಸುತ್ತಿದ್ದರು. ಒಂದು ದಿನ ಬಟ್ಟೆಯ ಮೇಲೆ ಇವಳು ಇಪ್ಪತ್ತೇಳು ಎಣಿಸಿದಳು, ಅತ್ತಿಗೆ ಮೂವತ್ತೊಂದು. ಮೇಲ್ವಿಚಾರಕ ಬಂದಾಗ ಅತ್ತಿಗೆ, "ನಮ್ಮ ನಾದಿನಿಗೆ ಇಪ್ಪತ್ತು ದಾಟಿದ್ರೆ ಲೆಕ್ಕ ತಪ್ಪತ್ತೆ ಸಾರ್, ಬೆರಳು ಸಾಲಲ್ಲ" ಎಂದುಬಿಟ್ಟಳು. ಎಲ್ಲರೂ ನಕ್ಕರು. ತಮಾಷೆಯೇ. ಆದರೆ ಬಟ್ಟೆಯಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಅಂದಿನಿಂದ ಮಾತು ಬಿಟ್ಟಳು. ಅತ್ತಿಗೆಯೇನು ಕಡಿಮೆಯೇ, ಅವಳೂ ಬಿಟ್ಟಳು. ಈ ಕೋಣೆಯಲ್ಲೇ ಇಬ್ಬರೂ ಆ ಗೋಡೆಗೊಬ್ಬರು ಈ ಗೋಡೆಗೊಬ್ಬರು ಮುಖ ಮಾಡಿ ಬಟ್ಟೆ ಬದಲಿಸಿದರು. ಮುನಿದವಳ ಬೆನ್ನು ಮುಟ್ಟುವುದು ಹೇಗೆ? ಪುಸ್ತಕವನ್ನು ಬೆಂಚಿನ ಮೇಲೆ ಇತ್ತಿಂದತ್ತ ತಳ್ಳಿ ಸಹಿ ಹಾಕಿದರು. ಒಂದಲ್ಲ, ನಾಲ್ಕು ದಿನ.

ಐದನೆಯ ದಿನ ಅತ್ತಿಗೆಯೇ ಸೋತು, "ನೋಡೇ ಲೆಕ್ಕದವಳೇ" ಎಂದು ಬೆನ್ನು ಕೊಟ್ಟು ನಿಂತಳು. ಎಡಗಡೆಯ ಹೆಗಲ ಮೂಳೆಯ ಕೆಳಗೆ ಒಂದು ಕೆಂಪು ಚುಕ್ಕೆ ಇತ್ತು, ಒಣಗುತ್ತ ಬಂದದ್ದು. ಸೊಳ್ಳೆ ಎಂದಳು ಬಟ್ಟೆಯಕ್ಕ. ರಾಜಿಯಾದ ಖುಷಿಯಲ್ಲಿ ಇಬ್ಬರೂ ಅದನ್ನು ಮರೆತರು. ಈ ಕಾಯಿಲೆಯ ಗುರುತಾದ ಕೆಂಪು ಉಂಗುರ ಮೂಡಲಿಲ್ಲ, ಕೆಲವರಿಗೆ ಮೂಡುವುದಿಲ್ಲವಂತೆ. ಎರಡು ತಿಂಗಳಿಗೆ ಜ್ವರ, ಮಂಡಿ ಊತ. ಉಣುಗು ಕಚ್ಚಿತ್ತೇ ಎಂದು ಡಾಕ್ಟರು ಕೇಳಿದಾಗ ಬಟ್ಟೆಯಕ್ಕ ಚೀಲದಿಂದ ತಪಾಸಣೆ ಪುಸ್ತಕ ತೆಗೆದು ತೋರಿಸಿದಳು. "ದಿನಾ ನಾನೇ ನೋಡಿದ್ದೀನಿ ಡಾಕ್ಟ್ರೇ, ಒಂದೂ ಇರ್ಲಿಲ್ಲ." ಕೆಲಸ ಹೋದೀತೆಂಬ ಹೆದರಿಕೆ. ಅತ್ತಿಗೆ ತಿರುಗಿ ಅವಳ ಮುಖ ನೋಡಿದಳು. ಏನೂ ಹೇಳಲಿಲ್ಲ. ನಾದಿನಿಯನ್ನು ಕಾಪಾಡಿದಳೋ, ಅವಳಾಗಿಯೇ ಹೇಳಲಿ ಎಂದು ಕಾದಳೋ, ಬಟ್ಟೆಯಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಸರಿಯಾದ ಕಾಯಿಲೆಯ ಹೆಸರು ಸಿಗಲು ಎಂಟು ತಿಂಗಳಾಯಿತು. ಅಷ್ಟರಲ್ಲಿ ಅತ್ತಿಗೆಯ ಅರ್ಧ ಮುಖ ಜೋತುಬಿದ್ದಿತ್ತು, ಎದೆಯ ಬಡಿತ ದಾರಿ ತಪ್ಪಿತ್ತು. ಮೂರನೆಯ ವರ್ಷ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಉಸ್ಸೆಂದು ಕೂತವಳು ಏಳಲಿಲ್ಲ.

"ಹೋಗೋಣ ಅತ್ತೆ, ಗಡಿಯಾರ ಕೂಗತ್ತೆ ಈಗ," ಎಂದಳು ಹುಡುಗಿ. ಗಡಿಯಾರ ಎಂದರೆ ಮೇಲ್ವಿಚಾರಕ. ನಿಮಿಷಕ್ಕೊಮ್ಮೆ ಹೊತ್ತಾಯಿತು ಎನ್ನುವವನಿಗೆ ಬೇರೆ ಹೆಸರು ಯಾಕೆ?

"ಕೂತ್ಕೋ," ಎಂದಳು ಬಟ್ಟೆಯಕ್ಕ.  "ನಾನು ನಿಮ್ಮಮ್ಮನ್ನ ದಿನಾ ನೋಡ್ಲಿಲ್ಲ."

"ಅಂದ್ರೆ?"

"ನಾಲ್ಕು ದಿನ ನೋಡ್ಲಿಲ್ಲ. ಜಗಳ ಆಡಿದ್ವಿ. ನೋಡ್ದೇನೇ ಸಹಿ ಹಾಕ್ದೆ. ಡಾಕ್ಟ್ರು ಕೇಳಿದಾಗ್ಲೂ ಸುಳ್ಳು ಹೇಳ್ದೆ. ನಿಮ್ಮಪ್ಪನಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಹುಡುಗಿ ನಗಲು ಹೋದಳು, ತುಟಿ ಅರ್ಧಕ್ಕೇ ನಿಂತಿತು. ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಮೂಲೆಯ ಕಪಾಟಿನ ಬಾಗಿಲೆಳೆದಳು. ಹಳೆಯ ಪುಸ್ತಕಗಳನ್ನೆಲ್ಲ ಅಲ್ಲಿ ವರ್ಷದ ಪ್ರಕಾರ ಪೇರಿಸಿಟ್ಟಿದ್ದರು. ಈ ಕಚೇರಿಯಲ್ಲಿ ಮನುಷ್ಯರು ಹೋಗುತ್ತಾರೆ, ಕಾಗದ ಹೋಗುವುದಿಲ್ಲ. ತಾಯಿ ಕಾಯಿಲೆ ಬಿದ್ದ ವರ್ಷದ್ದನ್ನು ಎಳೆದು ತಂದು ಅತ್ತೆಯ ತೊಡೆಯ ಮೇಲೆ ಹಾಕಿದಳು.

"ಯಾವ ನಾಲ್ಕು ದಿನ? ತೋರಿಸಿ."

ಬಟ್ಟೆಯಕ್ಕನಿಗೆ ಹುಡುಕುವುದೇನೂ ಬೇಕಿರಲಿಲ್ಲ. ಪುಟ ತೆರೆದು ಬೆರಳಿಟ್ಟಳು. ಒಂದರ ಕೆಳಗೊಂದು ನಾಲ್ಕು ಸಾಲು, ಎಂಟು ಸಹಿ. ಹುಡುಗಿ ಬಗ್ಗಿ ಬಹಳ ಹೊತ್ತು ನೋಡಿದಳು. ತಾಯಿಯ ಕೈಬರಹ ಕಂಡು ಎಷ್ಟು ಕಾಲವಾಗಿತ್ತೋ.

"ಅಮ್ಮನೂ ನಿಮ್ಮನ್ನ ನೋಡ್ಲಿಲ್ಲ."

"ಇಲ್ಲ."

"ನಿಮಗೆ ಏನೂ ಆಗ್ಲಿಲ್ಲ."

"ಇಲ್ಲ ಕಣೇ. ನನಗೇನೂ ಆಗ್ಲಿಲ್ಲ."

ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬಟ್ಟೆಯಕ್ಕ ಜೀವಮಾನದಲ್ಲಿ ಕಾಡುಹಂದಿಗೆ ಹೆದರಿಲ್ಲ, ಹಾವಿಗೆ ಹೆದರಿಲ್ಲ. ಆ ಎರಡು ಹೆಜ್ಜೆಗೆ ಹೆದರಿದಳು. ಹೊಡೆಯಲಿ, ಉಗಿಯಲಿ, ಬಾಗಿಲು ದಾಟಿ ಮಾತ್ರ ಹೋಗದಿರಲಿ ಎಂದುಕೊಂಡಳು. ಹುಡುಗಿ ಬಾಗಿಲ ಬಳಿಗೇ ಹೋದಳು. ಚಿಲಕದ ಮೇಲೆ ಕೈಯಿಟ್ಟು ಬೆನ್ನು ಮಾಡಿ ನಿಂತಳು.

"ಆರು ವರ್ಷ ನಿಮ್ಮ ಪಕ್ಕ ಮಲಗಿದ್ದೀನಿ," ಎಂದಳು. ದನಿ ಅವಳದಲ್ಲ ಎನ್ನುವಂತಿತ್ತು. "ಒಂದು ರಾತ್ರಿನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತು. ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ ಹೆದರಿಕೆ."

"ಮತ್ತೆ ಇವತ್ತು ಯಾಕೆ ಹೇಳಿದ್ರಿ?"

"ಇವತ್ತು ಅದಕ್ಕಿಂತ ದೊಡ್ಡ ಹೆದರಿಕೆ ಆಯ್ತು. ನೋಡಿದ್ರೇನು ಬಿಟ್ರೇನು ಅಂದ್ಯಲ್ಲ. ನೋಡಿದ್ರೆ ಬದುಕ್ತಿದ್ಳು, ಪುಟ್ಟಿ. ನೋಡಿದ್ದಿದ್ರೆ ನಿಮ್ಮಮ್ಮ ಇವತ್ತು ಇರ್ತಿದ್ಳು."

ಹೊರಗೆ ಗಡಿಯಾರ ಬಾಗಿಲು ಬಡಿದ. "ಎಲ್ಲ ಕೂತಾಯ್ತು ರೀ! ಬಟ್ಟೆಯಕ್ಕ, ನೀವು ಮಾತಾಡ್ಬೇಕು, ಹೊತ್ತಾಯ್ತು!"

ಹುಡುಗಿ ಅವನ ಬೂಟಿನ ಸದ್ದು ದೂರವಾಗುವವರೆಗೆ ಕಾದಳು. "ಅಲ್ಲಿ ಇದನ್ನೇ ಹೇಳ್ತೀರಾ?" ಎಂದು ತಿರುಗದೆಯೇ ಕೇಳಿದಳು. "ಅಪ್ಪನೂ ಬಂದಿರ್ತಾರೆ."

ಅಣ್ಣನ ಮುಖ ಕಣ್ಣೆದುರು ಬಂತು. ಬಟ್ಟೆಯಕ್ಕ ತೊಡೆಯ ಮೇಲಿನ ಪುಸ್ತಕ ಮುಚ್ಚಿದಳು. "ಹೇಳ್ತೀನಿ."

ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆಯಿತೆಂದೇ ತಿಳಿದು ಬಟ್ಟೆಯಕ್ಕ ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಚಿಲಕ ಒಳಗಿನಿಂದ ಬಿದ್ದಿತ್ತು. ಹುಡುಗಿ ಇಸ್ತ್ರಿಯ ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿ, ಎರಡೂ ಕೈಯನ್ನು ಬಾಗಿಲಿಗೆ ಊರಿ ನಿಂತಿದ್ದಳು. ಅಳುತ್ತಿದ್ದಳೋ ಇಲ್ಲವೋ ಹಿಂದಿನಿಂದ ಕಾಣುವಂತಿರಲಿಲ್ಲ.

"ಹೋದ ವಾರದ್ದೂ ಸೇರಿಸಿ ನೋಡಿ," ಎಂದಳು.

ಬಟ್ಟೆಯಕ್ಕ ಟಾರ್ಚು ಹೊತ್ತಿಸಿದಳು. ಬೆಳಕಿನ ವೃತ್ತವನ್ನು ಬೆನ್ನ ಮೇಲೆ ಅಂಗುಲ ಅಂಗುಲವಾಗಿ ಸರಿಸಿದಳು.  ಹೆಗಲ ಮೂಳೆಯ ಕೆಳಗೆ ಒಂದು ಕಪ್ಪು ಚುಕ್ಕೆ ಕಂಡಿತು. ಉಗುರಿನಿಂದ ಮೆಲ್ಲಗೆ ಕೆರೆದರೆ ಬಂದುಬಿಟ್ಟಿತು, ಮಣ್ಣು. ಸೊಂಟ, ಕಂಕುಳು, ಮಂಡಿಯ ಹಿಂಭಾಗ ನೋಡಿದಳು. ನೋಡಿದ್ದನ್ನು ನಂಬಲಾಗದೆ ಮತ್ತೆ ಮೊದಲಿನಿಂದ ಶುರುಮಾಡಿದಳು. ಹುಡುಗಿ ಬೇಡವೆನ್ನಲಿಲ್ಲ.

ಗೋಡೆಯಾಚೆ ಹೆಸರುಗಳನ್ನು ಓದತೊಡಗಿದರು. ಕಾವಲುಗಾರನದು, ಡ್ರೈವರನದು, ಪ್ರಯೋಗಾಲಯದವಳದು. ನಾಲ್ಕನೆಯ ಹೆಸರು ಕಿವಿಗೆ ಬಿದ್ದಾಗ ಹುಡುಗಿಯ ಬೆನ್ನು ಒಮ್ಮೆ ಸೆಟೆಯಿತು. ಆಮೇಲೆ ಎಲ್ಲರೂ ಎದ್ದು ನಿಂತ ಸದ್ದು, ಆಮೇಲೆ ಮೌನ. ಬಟ್ಟೆಯಕ್ಕ ಹುಡುಗಿಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು.

"ಅಲುಗಾಡ್ಬೇಡ," ಎಂದಳು ಪಿಸುದನಿಯಲ್ಲಿ.

ಆಚೆ ಕುರ್ಚಿಗಳು ಸರಿದವು, ಎಲ್ಲರೂ ಕೂತರು. ಬಟ್ಟೆಯಕ್ಕ ಇನ್ನೂ ಹುಡುಗಿಯ ಎಡಗಿವಿಯ ಹಿಂದೆ ನೋಡುತ್ತಲೇ ಇದ್ದಳು.