ಕೂರಿಸಿ ಸಾಕಿದ ಮಗ

ಲಿಫ್ಟ್ ಮೆಕ್ಯಾನಿಕ್ ತನ್ನ ತಾಯಿಯನ್ನು ಪಟ್ಟಣಕ್ಕೆ ಕರೆತಂದ ದಿನ ಇಡೀ ಗಲ್ಲಿಗೆ ಕೇಳುವ ಹಾಗೆ ಹೇಳಿದ್ದ: "ಅಮ್ಮಾ, ನೀನು ದುಡಿದಿದ್ದು ಸಾಕು. ಇನ್ಮೇಲೆ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರು."

ಊರಿನಲ್ಲಿ ಅವಳಿಗೆ ಗಾಳಿಯಮ್ಮ ಎಂದೇ ಹೆಸರು. ಸೌದೆ ಹೊರೆ ಹೊತ್ತು ಗುಡ್ಡ ಇಳಿದರೆ ಹಿಂದೆ ಬರುವವರಿಗೆ ಅವಳ ಸೆರಗೂ ಕಾಣುತ್ತಿರಲಿಲ್ಲ. ಗಂಡ ಸತ್ತ ಮೇಲೆ ಆ ಹೊರೆಗಳ ಮೇಲೆಯೇ ಮಗನನ್ನು ಬೆಳೆಸಿದವಳು. ಬರೀ ಮೂಳೆ, ನರ, ಬಾಯಿ, ಇಷ್ಟೇ ಅವಳು. ಮಗನಿಗೆ ಆ ಮೂಳೆಗಳನ್ನು ನೋಡಿದಾಗಲೆಲ್ಲ ಅವಳನ್ನು ಕೂರಿಸಿ ಉಣ್ಣಿಸಬೇಕು ಎನಿಸುತ್ತಿತ್ತು.

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಪಟ್ಟಣದ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಕಟ್ಟಡಕ್ಕೆ ಲಿಫ್ಟಿರಲಿಲ್ಲ; ದೀಪದ ಬುಡದಲ್ಲೇ ಕತ್ತಲೆ. ಒಂದೇ ಕೋಣೆ, ಅದರಲ್ಲೇ ಒಲೆ, ಮಂಚ, ಟಿವಿ. ಕಕ್ಕಸು ಬಾಗಿಲಾಚೆ, ಮನೆಗಳ ಸಾಲಿನ ಕೊನೆಗೆ. ಬಂದ ಹೊಸದರಲ್ಲಿ ಗಾಳಿಯಮ್ಮ ಒಮ್ಮೆ ಕೆಳಗಿಳಿದು ನಡೆದು ಬರಲು ಹೊರಟಳು. ರಸ್ತೆಗೆ ಅಂಚೇ ಇರಲಿಲ್ಲ. ಅಂಗಡಿ ಮೆಟ್ಟಿಲು ಮುಗಿದ ಕಡೆ ಬೈಕುಗಳು, ಬೈಕು ಮುಗಿದ ಕಡೆ ಬಸ್ಸು. ಕಿರಾಣಿ ಅಂಗಡಿಯ ಕಂಬ ತಬ್ಬಿಕೊಂಡು ನಿಂತವಳನ್ನು ಅಂಗಡಿಯವನೇ ಕೈಹಿಡಿದು ಮೇಲೆ ಬಿಟ್ಟುಹೋದ. ಆಮೇಲೆ ಅವಳು ಇಳಿಯಲಿಲ್ಲ.

ಕೂತಳು. ಟಿವಿ ಮುಂದೆ ಕೂತು ಚಹಾಕ್ಕೆ ಬಿಸ್ಕತ್ತು ಅದ್ದಿದಳು. ಮಗ ಸಂಜೆ ಬರುವಾಗ ಸಿಹಿ ಬನ್ನು, ಬಣ್ಣದ ಸೋಡಾ ತರುತ್ತಿದ್ದ. ಬಾಲ್ಯದಲ್ಲಿ ತಾನು ಕೇಳಿ ಅವಳು ಕೊಡಿಸಲಾಗದ್ದನ್ನೆಲ್ಲ ಈಗ ಅವಳಿಗೆ ತಿನ್ನಿಸುತ್ತಿದ್ದ. ವರ್ಷ ತಿರುಗುವುದರೊಳಗೆ ಅವಳ ಕೆನ್ನೆ ತುಂಬಿತು, ರವಿಕೆಯ ಹೊಲಿಗೆ ಬಿಚ್ಚಬೇಕಾಯಿತು. ಮಗ ಫೋಟೋ ತೆಗೆದು ಊರಿಗೆ ಕಳಿಸಿದ. "ಮೈಕೈ ತುಂಬ್ಕೊಂಡಿದಾಳೆ, ಅದೃಷ್ಟವಂತೆ" ಎಂದು ಊರಿಗೆ ಊರೇ ಹೊಗಳಿತು.

ಹೊಗಳದವಳು ಅವನ ಹೆಂಡತಿ ಒಬ್ಬಳೇ. ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗಳಿಗೆ ತೋಳು ಹೊಲಿದು ಬಂದವಳು ಒಂದು ದಿನ ಮೆಲ್ಲಗೆ ಅಂದಳು, "ಅತ್ತೆ ಮಗೂನ ಸ್ಕೂಲಿಂದ ಕರ್ಕೊಂಡು ಬರಬಹುದಲ್ವಾ? ಹಾಗೇ ಕೆಳಗಿಂದ ಒಂದು ಕೊಡ ನೀರು..."

"ನಮ್ಮಮ್ಮ ನಿನ್ನ ಮನೆ ಆಳಲ್ಲ!" ಗಂಡ ಸಿಡಿದ. ಪಕ್ಕದ ಮನೆಯವರ ಕಿವಿಗೂ ಬಿತ್ತು. ಅಂದಿನಿಂದ ಗಲ್ಲಿಯಲ್ಲಿ ಅವಳು ಅತ್ತೆಯ ನೆತ್ತರು ಹೀರುವ ಸೊಸೆ ಎನಿಸಿಕೊಂಡಳು.

ಗಾಳಿಯಮ್ಮನಿಗೆ ಬಾಯಾರಿಕೆ ಹೆಚ್ಚಿತು, ಕಣ್ಣು ಮಂಜಾಯಿತು. ವಯಸ್ಸು ಎಂದುಕೊಂಡರು. ಬರಿಗಾಲಲ್ಲಿ ಗುಡ್ಡ ಸುತ್ತಿದವಳಿಗೆ ಮಗ ಮೆತ್ತನೆಯ ಚಪ್ಪಲಿ ತಂದುಕೊಟ್ಟಿದ್ದ. ಒಂದು ದಿನ ಮೊಮ್ಮಗಳು, "ಅಜ್ಜೀ, ನೆಲ ಎಲ್ಲಾ ಕೆಂಪು" ಎಂದಳು. ಚಪ್ಪಲಿಯ ಅಡಿಯಿಂದ ಮೊಳೆಯೊಂದು ತೂರಿ ಪಾದಕ್ಕೆ ಇಳಿದಿತ್ತು. ಯಾವಾಗ ಚುಚ್ಚಿತೋ ಅವಳಿಗೇ ತಿಳಿಯದು. ಔಷಧಿ ಅಂಗಡಿಯ ಮುಲಾಮು ಹಚ್ಚಿದರು. ಗಾಯ ಮಾಯುವ ಬದಲು ನಾರತೊಡಗಿದಾಗ ಆಸ್ಪತ್ರೆಗೆ ಹೊತ್ತೊಯ್ದರು.

"ಸಕ್ಕರೆ ಕಾಯಿಲೆ," ಡಾಕ್ಟರು ಹೇಳಿದರು. "ಬಂದು ತುಂಬಾ ದಿನ ಆಗಿದೆ."

"ಇರಲಿಕ್ಕಿಲ್ಲ ಡಾಕ್ಟ್ರೇ. ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಅದು ಶ್ರೀಮಂತರ ಕಾಯಿಲೆ."

ಡಾಕ್ಟರಿಗೆ ನಗು ಬರಲಿಲ್ಲ. "ವಾರ್ಡ್ ನೋಡ್ಕೊಂಡು ಬನ್ನಿ," ಎಂದರು. ನೋಡಿದ. ಮೂಟೆ ಹೊರುತ್ತಿದ್ದವನು, ಈಗ ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುವವನು. ಆಟೋದವನು. ಮನೆಗೆಲಸದವಳು. ಒಬ್ಬರ ಹಾಸಿಗೆಯ ಮೇಲೂ ಶ್ರೀಮಂತಿಕೆಯ ಗುರುತಿರಲಿಲ್ಲ.

ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಪ್ರಜ್ಞೆ ಬಂದ ಮೇಲೆ ಗಾಳಿಯಮ್ಮ ಹೊದಿಕೆಯನ್ನು ತಡವಿ ನೋಡಿ, ಮಗನ ಮುಖ ನೋಡಿದಳು. "ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋ ಅಂದಿದ್ದೆ. ಈಗ ಯಾವುದರ ಮೇಲೆ ಹಾಕ್ಲೋ ಮಗನೇ?" ಅವಳು ತಮಾಷೆಗೇ ಅಂದಳೇನೋ. ಅವನು ವರಾಂಡಕ್ಕೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ.

ಹೆಂಡತಿ ಹಿಂದೆಯೇ ಬಂದಳು. "ನೀನು ಹೇಳಿದ್ದೇ ಸರಿಯಿತ್ತು," ಅಂದ ಅವನು. "ಓಡಾಡ್ಕೊಂಡಿದ್ರೆ ಅಮ್ಮನ ಕಾಲು ಉಳೀತಿತ್ತು."

"ನಾನೇನು ಅವರ ಒಳ್ಳೇದಕ್ಕೆ ಹೇಳಿರಲಿಲ್ಲ," ಎಂದಳು ಅವಳು. "ನನ್ನ ಕೈ ಸೋತಿತ್ತು, ಅದಕ್ಕೇ ಹೇಳಿದ್ದು. ಸುಮ್ನೆ ನನ್ನನ್ನ ದೇವತೆ ಮಾಡಬೇಡಿ."

ಡಾಕ್ಟರು ಅವನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಅವನಿಗೂ ಇತ್ತು. ದಿನಾ ಬೆಳಿಗ್ಗೆ ನಡೆಯಿರಿ ಅಂದರು. ಎಲ್ಲಿ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಆಸ್ಪತ್ರೆಗೆ ಹೋಗುವ ದಿನ ಬಂತೆಂದರೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹೆಣ ಇಳಿಸಿದ ಹಾಗೆ ಹುಷಾರಾಗಿ ಮೆಟ್ಟಿಲಿಳಿಸುತ್ತಾರೆ. ಉಳಿದ ದಿನವೆಲ್ಲ ಮಂಚ, ಟಿವಿ. ಮಗ ಈಗ ಬನ್ನು ತರುವುದಿಲ್ಲ. ಬರಿಗೈಯಲ್ಲಿ ಬಂದವನನ್ನು ಅವಳು ಅಪರಾಧಿಯಂತೆ ನೋಡುತ್ತಾಳೆ.

ಮೊನ್ನೆ ಅವಳ ತಂಗಿಯ ಮಗ ಊರಿನಿಂದ ನೋಡಲು ಬಂದ. ಅವನಿಗೂ ಪಟ್ಟಣದಲ್ಲಿ ಕೆಲಸ ಸಿಕ್ಕಿತ್ತು, ಇದೇ ಗಲ್ಲಿಯಲ್ಲಿ ಮನೆ ಹುಡುಕುತ್ತಿದ್ದ. "ಅಮ್ಮನ್ನೂ ಕರ್ಕೊಂಡು ಬರೋಣ ಅಂತಿದೀನಿ ದೊಡ್ಡಮ್ಮ. ಈ ವಯಸ್ಸಲ್ಲೂ ಸೌದೆ ಹೊರ್ತಾಳೆ, ನೋಡೋಕಾಗಲ್ಲ."

ಮೆಕ್ಯಾನಿಕ್ ತಲೆಯೆತ್ತಿದ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೇಗಿದಾಳೆ ಅವಳು?" ಗಾಳಿಯಮ್ಮ ಕೇಳಿದಳು.

"ಅವಳಿಗೇನು, ಬಂಡೆ ಥರ ಇದಾಳೆ."

ಗಾಳಿಯಮ್ಮ ಕಿಟಕಿಯತ್ತ ನೋಡಿದಳು. ಎದುರಿಗೆ ಇನ್ನೊಂದು ಕಟ್ಟಡದ ಗೋಡೆ.

"ಕರ್ಕೊಂಡು ಬಾರಪ್ಪಾ," ಎಂದಳು. "ಹಗಲೆಲ್ಲಾ ಒಬ್ಬಳೇ ಇರ್ತೀನಿ. ಮಾತಿಗೆ ಒಂದು ಜನ ಆಗ್ತಾಳೆ."

ಮಗ ಅವಳ ಪ್ಲಾಸ್ಟಿಕ್ ಕುರ್ಚಿಯನ್ನು ಅವನತ್ತ ಸರಿಸಿದ. ಹೆಂಡತಿ ಬಂದವನಿಗೆ ಚಹಾ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳಿದಳು.